ನೀಲಾವತಿಯ ಗಿರಾಕಿ

ನೀಲಾವತಿ ನಲವತ್ತು ದಾಟಿದ ಮೇಲೆ ಬ್ಯೂಟಿ ಕ್ಲಾಸಿಗೆ ಸೇರಿದಳು ಎಂದರೆ ಜನ ಮೊದಲು ನಗುತ್ತಾರೆ. ನಗಲಿ. ನಾನು ಅವಳ ಪಕ್ಕದ ಮನೆಯ ಶೈಲಾ. ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದ್ದೇವೆ. ನಗುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ನನಗಿದೆ. ಉಳಿದವರು ಪೂರ್ತಿ ಕೇಳಿ ಆಮೇಲೆ ನಗಬಹುದು.

ಮುಂಬಯಿಯ ಈ ಚೆಂಬೂರಿನಲ್ಲಿ ನಮ್ಮ ಕಡೆಯವರ ಮದುವೆ ಎಲ್ಲೇ ಆಗಲಿ, ಹುಡುಗಿಗೆ ಸೀರೆ ಉಡಿಸಲು, ಜಡೆ ಹೆಣೆಯಲು ನೀಲಾವತಿಯೇ ಬೇಕು. ಬೆಳಗಾಗುವ ಮೊದಲೇ ಕರೆಯುತ್ತಾರೆ, ಕೆಲಸ ಮುಗಿದ ಮೇಲೆ ಮರೆಯುತ್ತಾರೆ. ಒಮ್ಮೆ ಒಂದು ಮದುವೆಯಲ್ಲಿ ಮದುಮಗಳ ಸೋದರತ್ತೆ ಎಲ್ಲರಿಗೂ ಇವಳ ಪರಿಚಯ ಮಾಡಿಕೊಡುತ್ತ "ಇಕಿ ಹಂಗ ಸುಮ್ನ ಬಂದು ಮಾಡಿಕೊಡ್ತಾಳ" ಎಂದಳಂತೆ. ಆ 'ಸುಮ್ನ' ಎಂಬ ಮಾತು ನೀಲಾವತಿಗೆ ನಾಟಿತು. ಸ್ಟೇಷನ್ ಹತ್ತಿರದ ಪಾರ್ಲರಿನ ಒಡತಿ ಶುಭಾಂಗಿತಾಯಿಗೆ ಇವಳ ಕೈಗುಣ ಗೊತ್ತಿತ್ತು. ಸರ್ಟಿಫಿಕೇಟ್ ತಂದರೆ ಕೆಲಸ ಕೊಡುತ್ತೇನೆ ಎಂದಳು. ಇವಳು ಅಲ್ಲೇ ಮೇಲಿನ ಮಹಡಿಯಲ್ಲಿದ್ದ ಕ್ಲಾಸಿಗೆ ಹೋಗಿ ಹೆಸರು ಬರೆಸಿ ಬಂದಳು. ಮನೆಯಲ್ಲಿ ಹೇಳಿದ್ದು ಆಮೇಲೆ.

ಮನೆ ಎಂದರೆ ಗಂಡ ಗುರುಪಾದ ಮತ್ತು ಅತ್ತೆ ಬಸಲಿಂಗವ್ವ. ಗುರುಪಾದ ಗೋವಂಡಿ ಕಡೆಯ ದೊಡ್ಡ ಲಾಂಡ್ರಿಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಆಸ್ಪತ್ರೆ, ಹೋಟೆಲುಗಳ ಚಾದರ ಒಗೆದು ಇಸ್ತ್ರಿ ಮಾಡುವ ಜಾಗ. ಹಬೆ ನಿಂತರೆ ಅಲ್ಲಿ ಎಲ್ಲವೂ ನಿಂತಂತೆ. ಅದಕ್ಕೂ ಮೊದಲು ರಿಫೈನರಿ ಬದಿಯ ಕಾರ್ಖಾನೆಯಲ್ಲಿ ಮೂರು ಅಂತಸ್ತಿನಷ್ಟು ಎತ್ತರದ ಬಾಯ್ಲರ್ ಮುಂದೆ ನಿಂತಿದ್ದವನು. ಊಟಕ್ಕೆ ಕೂತರೆ ಅವನ ಬಾಯಲ್ಲಿ ಬೇರೆ ಮಾತೇ ಇಲ್ಲ. ನೀರಿನ ತಂಬಿಗೆಯಲ್ಲಿ ಬೆರಳು ಇಳಿಬಿಟ್ಟು, ಬೆರಳುಗಳೆಲ್ಲ ಕೊಳವೆ ಎಂದು ತಿಳಿಯಿರಿ, ಕೊಳವೆಯೊಳಗೆ ಬೆಂಕಿ ಹರಿಯುತ್ತದೆ, ಸುತ್ತ ನೀರು ನಿಂತಿರುತ್ತದೆ, ಇದು ಲಾಂಡ್ರಿಯ ಬಾಯ್ಲರ್ ಎನ್ನುತ್ತಾನೆ. ಕಾರ್ಖಾನೆಯದು ಇದರ ತಿರುಗುಮುರುಗು. ಕೊಳವೆಯೊಳಗೆ ನೀರು, ಹೊರಗೆಲ್ಲ ಬೆಂಕಿ. ಮೊದಲನೆಯದು ಬಿಸಿಯಾಗಲು ಹೊತ್ತು ಬೇಕು, ಆದಮೇಲೆ ಬೇಗ ಆರುವುದಿಲ್ಲ. ಎರಡನೆಯದು ಬೇಗ ಹಬೆ ಕೊಡುತ್ತದೆ, ಆದರೆ ನೀರು ಕಡಿಮೆಯಾಗದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ತನ್ನ ಅವ್ವ ಮೊದಲನೆಯ ಜಾತಿ, ಹೆಂಡತಿ ಎರಡನೆಯ ಜಾತಿ, ಎರಡನ್ನೂ ಒಬ್ಬನೇ ಸಂಭಾಳಿಸುತ್ತಿದ್ದೇನೆ ಎಂದು ಅವನ ಅಂಬೋಣ. ಸಣ್ಣದೊಂದು ಮೂರನೆಯ ಜಾತಿಯೂ ಇದೆಯಂತೆ. ಸುರುಳಿ ಕೊಳವೆಯದು, ಗುಂಡಿ ಒತ್ತಿದ ಐದು ನಿಮಿಷಕ್ಕೆ ಬುಸುಗುಡುತ್ತದೆ. ಅದು ಶೈಲಕ್ಕ ಎಂದು ನನ್ನೆದುರಿಗೇ ಹೇಳುತ್ತಾನೆ. ನಾನು ಅವನ ಮಾತು ಸುಳ್ಳು ಮಾಡಿಲ್ಲ.

ಬಸಲಿಂಗವ್ವ ಮಾತ್ರ ಬೇಗ ಆರುವ ಜಾತಿಯಲ್ಲ ಎಂಬುದು ನಿಜ. ಸೊಸೆ ಕೂದಲು ಕತ್ತರಿಸಲು ಕಲಿಯುತ್ತಾಳೆ ಎಂದಾಗ ಸುಮ್ಮನಿದ್ದಳು. ಮುಖಕ್ಕೆ ಹಬೆ ಕೊಡಲು ಕಲಿಯುತ್ತಾಳೆ ಎಂದಾಗಲೂ ಸುಮ್ಮನಿದ್ದಳು. ಕಾಲು ತೊಳೆಯುವುದೂ ಪಾಠದಲ್ಲಿ ಇದೆ ಎಂದು ತಿಳಿದ ದಿನ ಊಟ ಬಿಟ್ಟು ಎದ್ದಳು. ಅವರ ಮನೆಗೆ ಶ್ರಾವಣದಲ್ಲಿ ಜಂಗಮ ಅಯ್ಯನವರು ಬರುತ್ತಾರೆ. ತಾಟಿನಲ್ಲಿ ಅವರ ಪಾದ ಇಟ್ಟು ತೊಳೆದು, ವಿಭೂತಿ ಹಚ್ಚಿ, ಹೂವಿಟ್ಟು, ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳುವುದು ಆ ಮನೆಯ ನಡೆ. ಬಹಳ ಕಾಲ ಅದನ್ನು ಬಸಲಿಂಗವ್ವನೇ ಮಾಡಿದಳು. ಮಂಡಿ ಸೋತ ಮೇಲೆ ಸೊಸೆಗೆ ಒಪ್ಪಿಸಿದಳು. ಜಂಗಮರ ಪಾದ ಮುಟ್ಟುವ ಕೈ ಕಂಡಕಂಡವರ ಕಾಲು ಉಜ್ಜುವುದೇ ಎಂಬುದು ಅವಳ ಪ್ರಶ್ನೆ. ನೀಲಾವತಿ ಕ್ಲಾಸು ಬಿಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗುರುಪಾದ ಡ್ಯೂಟಿಗೆ ಅರ್ಧ ಗಂಟೆ ಮೊದಲೇ ಹೊರಡತೊಡಗಿದ.

ಕ್ಲಾಸಿನಲ್ಲಿ ಉಳಿದವರೆಲ್ಲ ಹತ್ತೊಂಬತ್ತು ಇಪ್ಪತ್ತರ ಹುಡುಗಿಯರು. ಮೊದಲ ವಾರ ಇವಳನ್ನು ಆಂಟಿ ಎಂದರು, ಎರಡನೆಯ ತಿಂಗಳಿಗೆ ಮರಾಠಿಯಲ್ಲಿ ಅಕ್ಕ ಎನ್ನುವಂತೆ ನೀಲಾತಾಯಿ ಆದಳು. ಹುಬ್ಬಿಗೆ ದಾರ ಹಾಕುವುದನ್ನು ಒಬ್ಬರ ಮೇಲೊಬ್ಬರು ಕಲಿಯುತ್ತಿದ್ದುದರಿಂದ ತಿಂಗಳ ಕೊನೆಗೆ ಇಡೀ ತರಗತಿಗೆ ಹುಬ್ಬೇ ಇರಲಿಲ್ಲ. ಹುಬ್ಬು ಸಾಲದಾದಾಗ ತಮ್ಮ ತಮ್ಮ ಮೊಣಕಾಲ ಮೇಲೆ ದಾರ ಆಡಿಸಿದರು. ನೀಲಾವತಿಗೆ ಅದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಯಿತು. ವ್ಯಾಕ್ಸ್ ಕಲಿಯಲು, ನಿದ್ದೆಹೋಗಿದ್ದ ಗುರುಪಾದನ ತೋಳು ಸಿಕ್ಕಿತು. ಒಂದು ತೋಳು ಮುಗಿಯುವಷ್ಟರಲ್ಲಿ ಅವನಿಗೆ ಎಚ್ಚರವಾಗಿ, ಲಾಂಡ್ರಿಯಲ್ಲಿ ತಿಂಗಳುಗಟ್ಟಲೆ ಉದ್ದ ತೋಳಿನ ಅಂಗಿ ಹಾಕಿಕೊಂಡು ಓಡಾಡಿದ. ಜಡೆ ಹೆಣೆಯಲು ಕೊಟ್ಟ ಗೊಂಬೆಯ ತಲೆ ಅಡುಗೆಮನೆಯ ಕಟ್ಟೆಯ ಮೇಲೆ ಇರುತ್ತಿತ್ತು. ಬಸಲಿಂಗವ್ವ ಬೆಳಿಗ್ಗೆ ಎದ್ದು ಅದಕ್ಕೆ ಸೆರಗಿನಂತೆ ಟವೆಲ್ ಹೊದಿಸಿಯೇ ಚಹಾಕ್ಕೆ ಇಡುತ್ತಿದ್ದಳು.

ಹಬೆಯ ಪಾಠದಲ್ಲಿ ನೀಲಾವತಿ ಮುಂದಿದ್ದಳು. ಕಣ್ಣಿಗೆ ಬಿಳಿಯಾಗಿ ಕಾಣುವುದು ಆಗಲೇ ತಣಿದ ಹಬೆ, ಹಬೆ ಹೊರಡುವ ಮೂತಿಯ ಹತ್ತಿರ ಏನೂ ಕಾಣದ ಜಾಗವೇ ಸುಡುವುದು ಎಂದು ಗಂಡ ಮೊದಲೇ ಹೇಳಿಕೊಟ್ಟಿದ್ದ. ಮೊದಲು ತನ್ನ ಮಣಿಕಟ್ಟು ಒಡ್ಡಿ ನೋಡಿಯೇ ಯಂತ್ರವನ್ನು ಇನ್ನೊಬ್ಬರ ಮುಖದ ಕಡೆ ತಿರುಗಿಸುತ್ತಿದ್ದಳು. ಎಲ್ಲವೂ ನೆಟ್ಟಗೆ ನಡೆದಿತ್ತು, ಕಾಲು ತೊಳೆಯುವ ಪಾಠ ಬರುವವರೆಗೆ.

ಕೊನೆಯ ಪರೀಕ್ಷೆಗೆ ಹದಿನೈದು ದಿನ ಮೊದಲು ತಾಲೀಮು ನಡೆಯಿತು. ಪ್ರತಿಯೊಬ್ಬಳೂ ತನ್ನ ಗಿರಾಕಿಯನ್ನು ತಾನೇ ಕರೆತರಬೇಕು ಎಂಬುದು ಅಲ್ಲಿಯ ನಿಯಮ. ನೀಲಾವತಿ ನಮ್ಮ ಬಿಲ್ಡಿಂಗಿನ ಹುಡುಗಿ ಮಹಾದೇವಿಯನ್ನು ಕರೆದುಕೊಂಡು ಹೋದಳು. ಅವಳ ಕಾಲನ್ನು ಟಬ್ಬಿನಲ್ಲಿ ಇಳಿಸಿ, ತೊಳೆದು, ಉಜ್ಜಿ, ಚೊಕ್ಕವಾಗಿ ಒರೆಸಿದಳು. ಒರೆಸಿದ ಮೇಲೆ ಇವಳ ಎರಡೂ ಕೈ ತಾವಾಗಿ ಮೇಲೆದ್ದು ಕಣ್ಣಿಗೆ ಒತ್ತಿಕೊಂಡವು. ಹುಡುಗಿಯರು ಗೊಳ್ಳೆಂದು ನಕ್ಕರು. ಕಲಿಸುವ ಮೇಡಂ ನಗಲಿಲ್ಲ. ಕಾಲು ಮುಟ್ಟಿದ ಕೈ ಮುಖ ಮುಟ್ಟಿದರೆ ಸ್ವಚ್ಛತೆಯಲ್ಲಿ ನಪಾಸು, ಸ್ವಚ್ಛತೆಯಲ್ಲಿ ನಪಾಸಾದರೆ ಇಡೀ ಪರೀಕ್ಷೆ ನಪಾಸು, ಮತ್ತೆ ಕೂರಲು ಮುಂದಿನ ಬ್ಯಾಚ್ ಬರಬೇಕು ಎಂದರು. ಅಷ್ಟು ದಿನ ಶುಭಾಂಗಿತಾಯಿ ಜಾಗ ಖಾಲಿ ಇಟ್ಟುಕೊಂಡು ಕೂರುವವಳಲ್ಲ.

ಅಂದು ಸಂಜೆ ನೀಲಾವತಿ ನಮ್ಮ ಹೊಸ್ತಿಲ ಮೇಲೆ ಕೂತು ಅತ್ತಳು. ಗ್ಲೌಸ್ ಹಾಕಿಕೊಳ್ಳಬಾರದೇ ಎಂದೆ. ಹಾಕಿಕೊಂಡಿದ್ದೆ, ಗ್ಲೌಸ್ ಸಮೇತ ಒತ್ತಿಕೊಂಡೆ ಎಂದಳು. ನನಗೆ ನಗು ಬಂತು, ಅವಳ ಮುಖ ನೋಡಿ ನುಂಗಿಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಆದರೆ ಇದು ಹುಟ್ಟುಗುಣವೂ ಅಲ್ಲ, ಮದುವೆಯಾಗಿ ಬಂದ ಮನೆಯಲ್ಲಿ ಕಲಿತದ್ದು.

ಗುರುಪಾದ ತನ್ನ ಕಸುಬಿನಿಂದಲೇ ಒಂದು ಉಪಾಯ ತೆಗೆದ. ಬಾಯ್ಲರ್ ಮುಂದೆ ಕೈ ತನ್ನಷ್ಟಕ್ಕೆ ಓಡಬಾರದೆಂದು ಅವನು ಪ್ರತಿ ವಾಲ್ವಿನ ಹೆಸರು ಬಾಯಲ್ಲಿ ಹೇಳಿಯೇ ಅದನ್ನು ತಿರುಗಿಸುತ್ತಾನೆ. ಹಾಗೆಯೇ ಪ್ರತಿ ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ ಮಾಡು ಎಂದು ತನ್ನ ಕಾಲನ್ನೇ ಮುಂದೆ ಚಾಚಿದ. ದಿನಾ ತಾಲೀಮು ನಡೆಯಿತು. ಒಮ್ಮೆಯೂ ಕೈ ಮೇಲೇಳಲಿಲ್ಲ. ಉಪಾಯ ಫಲಿಸಿತು ಎಂದು ಅವನು ಹಿಗ್ಗಿದ. ನೀಲಾವತಿ ನನ್ನ ಹತ್ತಿರ ಬೇರೆಯೇ ಹೇಳಿದಳು: "ಅವರ ಕಾಲ ಕಂಡರ ನನಗ ಭಕ್ತಿನ ಬರೂದಿಲ್ಲ, ಶೈಲಕ್ಕ."

ಪರೀಕ್ಷೆಯ ದಿನ ಬೆಳಿಗ್ಗೆ ಮಹಾದೇವಿಗೆ ಕಣ್ಣುಬೇನೆ ಬಂತು. ಕೆಂಡದಂಥ ಕಣ್ಣು ಹೊತ್ತವಳನ್ನು ಅಲ್ಲಿ ಒಳಗೇ ಬಿಡುವುದಿಲ್ಲ. ನಾನು ಬರುತ್ತೇನೆಂದರೆ ನನ್ನ ಕಾಲಿನ ಹೆಬ್ಬೆರಳಿನ ಉಗುರು ಕಿತ್ತು ಪಟ್ಟಿ ಕಟ್ಟಿತ್ತು. ಗಂಡಸರಿಗೆ ಪ್ರವೇಶವಿಲ್ಲ, ಇಲ್ಲವಾದರೆ ಗುರುಪಾದ ತಯಾರಾಗಿಯೇ ಇದ್ದ. ನೀಲಾವತಿ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದಳು. ಒಬ್ಬರಿಗೆ ಆಫೀಸು, ಒಬ್ಬರಿಗೆ ಮಕ್ಕಳ ಶಾಲೆ. ಕೊನೆಗೆ ಫೋನನ್ನು ಕೆಳಗಿಟ್ಟು, ಪರೀಕ್ಷೆಗೆಂದು ಹಾಕಿಕೊಂಡಿದ್ದ ಕ್ಲಾಸಿನ ಬಿಳಿ ಕೋಟಿನ ಗುಂಡಿ ಬಿಚ್ಚತೊಡಗಿದಳು.

ಬಸಲಿಂಗವ್ವ ಕಿಟಕಿಯ ಹತ್ತಿರ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗೋಡೆ ಹಿಡಿದು ಎದ್ದಳು.

"ನನಗೂ ಎರಡು ಕಾಲ ಅದಾವಲ್ಲ" ಎಂದಳು.

ಅವಳು ಬೇರೆ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು, ಬಾಗಿಲಲ್ಲಿ ನಿಂತು ತಡವಾಗುತ್ತದೆಂದು ನಮ್ಮನ್ನೇ ಗದರಿದಳು. ಅವಳನ್ನು ಮೆಟ್ಟಿಲು ಹತ್ತಿಸಲು ಒಬ್ಬರು ಬೇಕೆಂದು ನಾನೂ ಹೊರಟೆ. ದಾರಿಯುದ್ದಕ್ಕೂ ನೀಲಾವತಿ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಅವಳ ಭಯ ನನಗೆ ಗೊತ್ತಿತ್ತು. ಮಹಾದೇವಿಯಂಥ ಹುಡುಗಿಯ ಕಾಲಿಗೇ ಎದ್ದ ಕೈ, ದಿನಾ ನಮಸ್ಕಾರ ಮಾಡುವ ಅತ್ತೆಯ ಪಾದ ತೊಳೆದ ಮೇಲೆ ಸುಮ್ಮನಿರುತ್ತದೆಯೇ?

ಪರೀಕ್ಷಕಿ ಪವಾಯಿಯಿಂದ ಬಂದಿದ್ದರು. ಮರಾಠಿ ಹೆಂಗಸು, ಮಿತ ಮಾತು, ಕತ್ತಿನಲ್ಲಿ ಕನ್ನಡಕ ನೇತಾಡುತ್ತಿತ್ತು. ನನ್ನನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಮೊದಲು ಮುಖದ ಕೆಲಸ. ಯಂತ್ರ ಬುಸುಗುಟ್ಟಿದಾಗ ಉಳಿದ ಗಿರಾಕಿಗಳು ಮುಖ ಹಿಂದೆ ಎಳೆದರು, ಬಸಲಿಂಗವ್ವ ಅಲುಗಲಿಲ್ಲ. ಮಗನ ಅನ್ನ ಇದರಲ್ಲೇ ಬೆಂದದ್ದು ಎಂದು ಅವಳಿಗೆ ಗೊತ್ತಿತ್ತು. ನೀಲಾವತಿ ಮಣಿಕಟ್ಟಿನಿಂದ ಹಬೆ ನೋಡಿ, ದೂರ ಸರಿಸಿ, ಹದಮಾಡಿ ಕೊಟ್ಟಳು. ಪರೀಕ್ಷಕಿ ತಲೆಯಾಡಿಸಿ ಮುಂದಕ್ಕೆ ಹೋದರು.

ಆಮೇಲೆ ಟಬ್ಬು ಬಂತು. ಬಸಲಿಂಗವ್ವನ ಹಿಮ್ಮಡಿ ಬಿರುಕು ಬಿಟ್ಟು ಕಪ್ಪಾಗಿತ್ತು. ತನ್ನ ಊರಾದ ಇಂಡಿಯ ಹೊಲದಲ್ಲಿ ನಡೆದದ್ದು, ಮುಂಬಯಿಯ ಮೆಟ್ಟಿಲು ಹತ್ತಿದ್ದು, ಎಲ್ಲ ಅಲ್ಲೇ ಕೂತಿತ್ತು. ನೀಲಾವತಿ ಕೆಳಗೆ ಕೂತು, ತುಟಿಯಲ್ಲೇ ಒಂದೊಂದು ಹೆಜ್ಜೆ ಹೇಳಿಕೊಳ್ಳುತ್ತ ತೊಳೆದಳು. ನೆನೆಸಿದಳು, ಕಲ್ಲಿನಿಂದ ಉಜ್ಜಿದಳು, ಉಗುರು ತೆಗೆದಳು, ಮತ್ತೆ ನೀರು ಹಾಕಿದಳು. ಎರಡೂ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಒರೆಸಿದಳು. ಟವೆಲ್ ಪಕ್ಕಕ್ಕಿಟ್ಟಾಗ ಅವಳ ತುಟಿ ನಿಂತುಹೋಯಿತು. ಪರೀಕ್ಷಕಿ ಎರಡು ಹೆಜ್ಜೆ ದೂರದಲ್ಲಿ ಕನ್ನಡಕ ಏರಿಸಿ ನೋಡುತ್ತಿದ್ದರು. ನೀಲಾವತಿಯ ಎರಡೂ ಕೈ ಮೇಲೆದ್ದವು. ನಾನು ಬೆಂಚಿನಿಂದ ಅರ್ಧ ಎದ್ದೆ.

ಬಸಲಿಂಗವ್ವ ದನಿ ಏರಿಸಲಿಲ್ಲ.

"ಕೈ ಕೆಳಗಿಡು. ಇವತ್ತ ನಾ ನಿನ್ನ ಅತ್ತಿ ಅಲ್ಲ, ಗಿರಾಕಿ."

ಎದೆಯ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತಿತು, ನಿಧಾನವಾಗಿ ಇಳಿದು ಎಣ್ಣೆಯ ಬಟ್ಟಲನ್ನು ಹಿಡಿಯಿತು. ಕನ್ನಡ ಬಾರದ ಪರೀಕ್ಷಕಿ, ಅಜ್ಜಿ ಏನೆಂದರು ಎಂದು ಕೇಳಿದರು. ನೀರು ಹದವಾಗಿತ್ತು ಎಂದರು, ಅಂದಳು ನೀಲಾವತಿ. ಅಷ್ಟು ಹಸಿ ಸುಳ್ಳನ್ನು ಅವಳು ಜೀವನದಲ್ಲಿ ಹೇಳಿರಲಿಕ್ಕಿಲ್ಲ.

ಎಲ್ಲ ಮುಗಿದ ಮೇಲೆ ಗಿರಾಕಿಗೆ ಸಮಾಧಾನವಾಯಿತೇ, ದೂರು ಏನಾದರೂ ಇದೆಯೇ ಎಂದು ಪರೀಕ್ಷಕಿ ಕೇಳುವ ಪದ್ಧತಿ ಇದೆ. ನೀಲಾವತಿ ಅದನ್ನು ಕನ್ನಡದಲ್ಲಿ ಅತ್ತೆಗೆ ಕೇಳಿದಳು. ಬಸಲಿಂಗವ್ವ ಕುರ್ಚಿಯಿಂದ ಬಾಗಿ ತನ್ನ ಪಾದಗಳನ್ನು ಬಹಳ ಹೊತ್ತು ನೋಡಿದಳು. ಬೇರೆ ಯಾರದೋ ಪಾದ ನೋಡುವವಳ ಹಾಗೆ ನೋಡಿದಳು.

"ಐವತ್ತು ವರ್ಷ ಮಂದಿ ಪಾದ ತೊಳದೀನಿ" ಎಂದಳು. "ನನ್ನ ಕಾಲ ಒಬ್ಬರೂ ತೊಳದಿದ್ದಿಲ್ಲ."

ಈ ಸಲ ನೀಲಾವತಿಗೆ ಹಿಂದಿಯೂ ಹೊಳೆಯಲಿಲ್ಲ, ಮರಾಠಿಯೂ ಹೊಳೆಯಲಿಲ್ಲ. ಪರೀಕ್ಷಕಿ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು, ಇದ್ದದ್ದನ್ನು ಇದ್ದ ಹಾಗೆಯೇ ಮರಾಠಿಯಲ್ಲಿ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ ಎನ್ನಲು ನನಗೆ ನಾಚಿಕೆಯಿಲ್ಲ. ಪರೀಕ್ಷಕಿ ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ದೂರು ಇಲ್ಲ ಎಂದು ಬರೆದುಕೊಳ್ಳುತ್ತೇನೆ ಎಂದರು.

ನೀಲಾವತಿ ಪಾಸಾದದ್ದು ಮಧ್ಯಾಹ್ನವೇ ತಿಳಿಯಿತು. ಹುಡುಗಿಯರು ಅವಳನ್ನು ಹಿಡಿದು ಕುಣಿಸುತ್ತಿದ್ದರು, ಶುಭಾಂಗಿತಾಯಿ ಕೆಳಗಿನಿಂದ ಪೇಢೆ ಕಳಿಸಿದ್ದಳು. ಅವಳನ್ನು ಅಲ್ಲೇ ಬಿಟ್ಟು ನಾನು ಬಸಲಿಂಗವ್ವನನ್ನು ರಿಕ್ಷಾದಲ್ಲಿ ಮನೆಗೆ ಕರೆತಂದೆ. ಅವಳು ಹಳೆಯ ಚಪ್ಪಲಿಯನ್ನು ಕೈಯಲ್ಲೇ ಹಿಡಿದು, ಎರಡೂ ಕಾಲನ್ನು ಸೀಟಿನ ಮೇಲೆ ಮಡಿಸಿ, ಮೇಲೆ ಸೆರಗು ಮುಚ್ಚಿಕೊಂಡು ಕೂತಿದ್ದಳು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಮಾಂಜಿ, ಕಾಲು ಕೆಳಗಿಡಿ, ಸೀಟು ಹೊಲಸಾಗುತ್ತದೆ ಎಂದ. ಆ ಕಾಲು ನಿನ್ನ ಸೀಟಿಗಿಂತ ಚೊಕ್ಕವಾಗಿದೆ, ನೀನು ರಸ್ತೆ ನೋಡಿ ಓಡಿಸು ಎಂದು ನಾನು ಹಿಂದಿಯಲ್ಲಿ ಗದರಿದೆ.