ಜಾಲಿ ಉಜ್ಜುವ ಸೋಮವಾರ

ಗ್ರಿಲ್ ವಿಷಯದಲ್ಲಿ ಮುಂಬೈ ಹತ್ರದ ಈ ಇಡೀ ಡೊಂಬಿವಲಿ ಎಂಐಡಿಸಿ ಫ್ಯಾಕ್ಟರಿ ಏರಿಯಾದಲ್ಲಿ ನನ್ನಷ್ಟು ತಿಳಿದವರು ಯಾರೂ ಇಲ್ಲ. ಮೂರು ಥರದ್ದು ನೋಡಿದ್ದೇನೆ, ಅದೂ ಬರೀ ಜೋಳ, ಅನಾನಸು, ಬದನೆಕಾಯಿ ಸುಟ್ಟು. ನಮ್ಮ ಮನೆಯಲ್ಲಿ ಮೊಟ್ಟೆಗೆ ವೀಸಾ ಸಿಗೂದಿಲ್ಲ.

ಮೊದಲನೆಯದು ಅಪ್ಪ ಗುಜರಿಯಿಂದ ತಂದ ಅರ್ಧ ಡ್ರಮ್ಮು, ಮೇಲೆ ಕಬ್ಬಿಣದ ಜಾಲಿ. ಟೆರೇಸಲ್ಲಿ ಅದನ್ನು ಹೊತ್ತಿಸಿದ್ರೆ ಫ್ಯಾಕ್ಟರಿ ಚಿಮಣಿಗಳೇ ನಾಚಿಕೊಳ್ತಿದ್ವು. ಕೆರೆದ ಮಸಿಯಲ್ಲಿ ಕಲ್ಯಾಣದವರೆಗೆ ರೋಡಿಗೆ ಡಾಂಬರು ಹಾಕಬಹುದಿತ್ತು. ಎರಡನೆಯದು ಪಕ್ಕದ ಮನೆಯವರು ಖಾಲಿ ಮಾಡುವಾಗ ಕೊಟ್ಟ ಗುಂಡು ಗ್ರಿಲ್. ಬೂದಿ ಕೆಳಗಿನ ತಟ್ಟೆಗೇ ಬೀಳ್ತದೆ, ಇಪ್ಪತ್ತು ನಿಮಿಷದಲ್ಲಿ ಕ್ಲೀನ್. ಅಮ್ಮನಿಗೆ ಅದೇ ಇಷ್ಟ. ಕಾಲು ಅಲ್ಲಾಡ್ತದೆ, ಬಿಲ್ಡಿಂಗಿಗೇ ಬೆಂಕಿ ಬಿದ್ದೀತು ಅಂತ ಹೆದರಿಸಿ ನಾನೇ ಅದನ್ನು ಮೂಲೆಗೆ ಸೇರಿಸಿದೆ. ಸ್ಕ್ರೂ ಸಡಿಲ ಮಾಡಿದ್ದು ಯಾರು ಅಂತ ಕೇಳಬೇಡಿ.

ಅಪ್ಪ ಕೋಪರಖೈರಣೆಯ ಹೋಟೆಲಲ್ಲಿ ಮ್ಯಾನೇಜರು, ಮಲಗೂದೂ ಅಲ್ಲೇ. ಮನೆಗೆ ಬರೂದು ಸೋಮವಾರ ಮಾತ್ರ. ಬಂದ್ರೆ ಊಟ, ನಿದ್ದೆ. ಆದ್ರೆ ಕೊಳೆ ಕಂಡ್ರೆ ಅವರಿಗೆ ನಿದ್ದೆ ಹತ್ತೂದಿಲ್ಲ. ಬಿಸಿ ಜಾಲಿಗೆ ನೀರು ಚಿಮುಕಿಸಿ, ದೋಸೆಕಲ್ಲಿನ ಹಾಗೆ ತೆಂಗಿನಗರಿಯ ಕಡ್ಡಿಹಿಡಿಯಲ್ಲಿ ಗುಡಿಸಿ, ಅರ್ಧ ನೀರುಳ್ಳಿ ಹಾಕಿ ತಿಕ್ತಿದ್ರು. ಆಚೆ ಕಡೆ ನಾನು ಹಿಡ್ಕೊಳ್ಳಬೇಕು. ಕೈ ಆಡುವಾಗ ಅವರ ಬಾಯಿಯೂ ಆಡ್ತಿತ್ತು: ನನ್ನಷ್ಟು ಪ್ರಾಯದಲ್ಲಿ ಅವರು ಠಾಣೆಯ ಕೋಪರಿಯ ಹೋಟೆಲಲ್ಲಿ ದೋಸೆಕಲ್ಲು ತಿಕ್ಕಿದ್ದು, ಲೋಕಲ್ ಟ್ರೇನಲ್ಲಿ ಒಂದೇ ಚಪ್ಪಲಿ ಕಳ್ಕೊಂಡದ್ದು. ಒಂದೂವರೆ ಗಂಟೆ. ಉಳಿದ ದಿನ ಅಮ್ಮ ಟ್ಯೂಶನ್ ಮಕ್ಕಳ ಜೊತೆ. ನನ್ನ ಹತ್ರ ಮಾತಾಡ್ತಿದ್ದದ್ದು ಲಿಫ್ಟಿನ ರೆಕಾರ್ಡಿನ ಹೆಂಗಸೊಬ್ಬಳೇ, ಅದೂ ಬಾಗಿಲು ಹಾಕು, ದರ್ವಾಜಾ ಬಂದ್ ಕರೋ ಅಂತ.

ಹೊಗೆಯ ಕಂಪ್ಲೇಂಟ್ ಬಂದು ಅಮ್ಮ ಕರೆಂಟಿನ ಗ್ರಿಲ್ ತಂದ್ರು. ನಾನ್‌ಸ್ಟಿಕ್. ಅಪ್ಪ ಬಟ್ಟೆಯಲ್ಲಿ ಒಮ್ಮೆ ಒರಸಿದ್ರು. ಎರಡು ನಿಮಿಷಕ್ಕೆ ಗೊರಕೆ.

ಮುಂದಿನ ಸೋಮವಾರ ನಾನು ಅನಾನಸಿಗೆ ಅರ್ಧ ಅಚ್ಚು ಬೆಲ್ಲ ಸವರಿ, ಕಪ್ಪು ಕಲ್ಲಾಗುವ ತನಕ ಬಿಟ್ಟೆ. ಕಡ್ಡಿಹಿಡಿ, ನೀರುಳ್ಳಿ ತಂದು ಪಕ್ಕದಲ್ಲಿ ಕೂತೆ. ಅಪ್ಪ ಉಗುರಲ್ಲಿ ಕೆರೆದು ನೋಡಿದ್ರು.

"ಕಡ್ಡಿ ಹಾಕಿದ್ರೆ ಕೋಟಿಂಗ್ ಹೋಗ್ತದೆ ಮಾರಾಯ. ತಟ್ಟೆ ಬಿಚ್ಚಿ ನೀರು ಹಾಕಿಡು, ತಾನಾಗಿ ಬಿಡ್ತದೆ."

"ಬಿಡದಿದ್ರೆ?"

"ಬಿಡ್ತದೆ," ಅಂತ ಹೇಳಿ ಮಲಗಿದ್ರು.

ಬೆಳಿಗ್ಗೆ ನಾನು ಏಳುವಾಗ ಅಪ್ಪ ಠಾಣೆಯ ಲೋಕಲ್ ಹಿಡಿದಾಗಿತ್ತು. ನೀರು ಹಾಕಿಟ್ಟ ತಟ್ಟೆ ನೋಡ್ಲಿಕ್ಕೆ ಟೆರೇಸಿಗೆ ಹೋದೆ. ಬೆಲ್ಲ ಪೂರ್ತಿ ಕರಗಿ ನೀರು ಚಹಾದ ಬಣ್ಣ ಆಗಿತ್ತು. ತಟ್ಟೆ ಕ್ಲೀನ್ ಆಗ್ಲಿಕ್ಕೆ ಒಂದು ಬೆರಳು ಆಡಿಸಿದ್ದೇ ಸಾಕಾಯ್ತು.