ಅಕ್ಕನ ಬಲಗೈ

ಮೊದಲು ಬಿಗಿಯಾದದ್ದು ರವಿಕೆಯ ತೋಳು. ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ರೇಡಿಯೇಷನ್ ಮುಗಿದು ಎಂಟು ತಿಂಗಳಾಗಿತ್ತು. ಅಕ್ಕ ಟೈಲರನ್ನು ಬೈದಳು. ಎರಡು ವಾರಕ್ಕೆ ಬಲಗೈ ಎಡಗೈಯ ಒಂದೂವರೆ ಪಟ್ಟು ಊದಿತು.

"ಲಿಂಫೆಡೀಮಾ," ಎಂದರು ಡಾಕ್ಟರ್. "ಕಂಕುಳಲ್ಲಿ ಲಿಂಫ್ ನೋಡ್ಸ್ ತೆಗ್ದಿದೀವಲ್ಲ, ನೀರು ಇಳಿಯೋಕೆ ದಾರಿ ಇಲ್ಲ. ಪೂರ್ತಿ ವಾಸಿ ಆಗಲ್ಲ. ದಿನಾ ಬ್ಯಾಂಡೇಜ್ ಕಟ್ಟಿ ಹಿಡಿತದಲ್ಲಿ ಇಡ್ಬೇಕು."

ಕಟ್ಟುವ ಕೆಲಸ ನನ್ನದಾಯಿತು. ಚಾಮರಾಜಪೇಟೆಯ ಮನೆಯಲ್ಲಿ ಇರುವುದು ನಾವಿಬ್ಬರೇ. ಬೆಳಿಗ್ಗೆ ಕಾಫಿಯಾದ ಮೇಲೆ ಅವಳು ಕೈಯನ್ನು ದಿಂಬಿನ ಮೇಲಿಡುತ್ತಿದ್ದಳು. ನಾನು ಬೆರಳಿನಿಂದ ಭುಜದವರೆಗೆ ಸುತ್ತುತ್ತ ಹೋಗುತ್ತಿದ್ದೆ.

ನಾನು ಚಿತ್ರ ಬರೆಯುವವಳು. ನನ್ನ ಹೆಂಗಸರ ಮೈ ನೆಟ್ಟಗಿರುವುದಿಲ್ಲ. ಸೊಂಟ ಎಳೆದಿರುತ್ತೇನೆ, ಕತ್ತು ತಿರುಚಿರುತ್ತೇನೆ. ಹೆಣ್ಣಿನ ಮೈ ಸವಿಯಲು ಬಂದ ಕಣ್ಣು ಅಲ್ಲಿ ಎಡವಬೇಕು, ತಾನು ನೋಡುವ ರೀತಿಗೆ ತಾನೇ ನಾಚಬೇಕು ಎಂಬುದು ನನ್ನ ಹಟ. ಆ ಸಲದ ಪ್ರದರ್ಶನಕ್ಕೆ ದೊಡ್ಡದೊಂದು ಕ್ಯಾನ್ವಾಸ್ ಬರೆದೆ. ಅದರ ತುಂಬ ಒಂದು ಊದಿದ ಕೈ. ಮೂಲೆಯಲ್ಲಿ ಬೊಂಬೆಯಷ್ಟು ಹೆಂಗಸು.

ಅಕ್ಕನನ್ನು ಕೇಳಲಿಲ್ಲ.

ಪ್ರದರ್ಶನದ ಎರಡನೆಯ ದಿನ, ಬಂದವರೊಬ್ಬರಿಗೆ ವಿವರಿಸುತ್ತಿದ್ದೆ: "ನೋಡೋರಿಗೆ ಮುಜುಗರ ಆಗ್ಲಿ ಅಂತಾನೇ ಹೀಗೆ ಬರ್ದಿದೀನಿ." ತಿರುಗಿದರೆ ಅಕ್ಕ. ಸೆರಗನ್ನು ಬಲಗೈ ಮೇಲೆ ಎಳೆದುಕೊಂಡು ನಿಂತಿದ್ದಳು. ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಹೇಳಿದಳು:

"ಮುಜುಗರ ಆಗಿದ್ದು ನಂಗೆ ಕಣೇ."

ಮರುದಿನದಿಂದ ಬ್ಯಾಂಡೇಜ್ ಕಟ್ಟಲು ನನಗೆ ಕೈ ಕೊಡಲಿಲ್ಲ. ಎಡಗೈಯಲ್ಲಿ, ಹಲ್ಲಿನಲ್ಲಿ ಪಟ್ಟಿ ಎಳೆದು ತಾನೇ ಸುತ್ತಿಕೊಂಡಳು. ಕೆಲವು ದಿನ ಬಿಟ್ಟೇಬಿಟ್ಟಳು. ನಾನು ಬಾಗಿಲಾಚೆ ನಿಂತು ನೋಡಿದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಚಿತ್ರ ಸರಿಯಾಗೇ ಇದೆ ಎಂಬ ಜಂಬ ಇನ್ನೂ ಇಳಿದಿರಲಿಲ್ಲ. ಮೂರನೆಯ ವಾರ ಕೈ ಕೆಂಪಾಗಿ ಕಾಯತೊಡಗಿತು. ಚಳಿಜ್ವರ.

ಸೆಲ್ಯುಲೈಟಿಸ್, ಚರ್ಮದೊಳಗಿನ ಸೋಂಕು.

ಐದು ದಿನ ಆಸ್ಪತ್ರೆ, ಡ್ರಿಪ್‌ನಲ್ಲಿ ಆಂಟಿಬಯಾಟಿಕ್. ವಾರ್ಡಿನಲ್ಲಿ ಅವಳ ಪಕ್ಕ ಕೂತಾಗ ಹೊಳೆಯಿತು: ಆ ಕೈಯ ಒಂದೊಂದು ಮಡಿಕೆಯೂ ನನಗೆ ಗೊತ್ತಿತ್ತು, ನೋವು ಎಲ್ಲಿಂದ ಶುರುವಾಗುತ್ತದೆ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಊರವರ ಕಣ್ಣಿಗೆ ಬುದ್ಧಿ ಹೇಳಹೊರಟವಳು ನನ್ನ ಕಣ್ಣನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ತಪ್ಪಾಯ್ತು ಅಕ್ಕ. ಆ ಚಿತ್ರ ಹರಿದು ಹಾಕ್ತೀನಿ."

"ಹರೀಬೇಡ. ಚೆನ್ನಾಗೇ ಬರ್ದಿದೀಯ. ಕೇಳ್ಬೇಕಿತ್ತು, ಅಷ್ಟೇ."

ಈಗ ಊತ ಸ್ವಲ್ಪ ಇಳಿದಿದೆ; ಇದಕ್ಕಿಂತ ಇಳಿಯುವುದಿಲ್ಲ ಎನ್ನುತ್ತಾರೆ ಡಾಕ್ಟರ್. ಅಕ್ಕ ಮತ್ತೆ ನನ್ನಿಂದ ಕಟ್ಟಿಸಿಕೊಳ್ಳುತ್ತಾಳೆ, ಬಿಗಿಯಾದರೆ ಬೈಯುತ್ತಾಳೆ. ಆ ಬೈಗುಳಕ್ಕೆ ನಾನು ಋಣಿ. ಮೊನ್ನೆ ಹಿತ್ತಲ ಬಿಸಿಲಿನಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನೋಡಿ ಬರೆಯುವ ಆಸೆಯಾಯಿತು. ಕೇಳಿದೆ.

"ಬೇಡ ಕಣೇ," ಎಂದಳು.

ನಾನೂ ಪಕ್ಕದಲ್ಲಿ ಕೂತು ಕಾಯಿ ಸುಲಿದೆ.