ಓಬಳೇಶನ ಗಾಡಿಯ ಹಿಂದಿನ ಗಾಲಿಗಳು

ಚಿಪ್ಪಗಿರಿ ಕಡೆಯ ಬಾಡಿಗೆ ಡ್ರೈವರ್‌ಗಳೆಲ್ಲ ಡೀಸೆಲ್ ಗಾಡಿ ಕೊಂಡರೆ, ಓಬಳೇಶ ಮಾತ್ರ ಹದಿನೈದು ವರ್ಷ ಹಳೆಯ ಪೆಟ್ರೋಲ್ ಗಾಡಿಯೊಂದನ್ನು ಹುಡುಕಿ ತಂದ. ಅದರ ನೆತ್ತಿಯ ಗಾಜಿನ ಕಿಂಡಿ ತೆರೆಯುತ್ತಿರಲಿಲ್ಲ, ಎ.ಸಿ. ಮನಸ್ಸು ಬಂದಾಗ ಬೀಸುತ್ತಿತ್ತು. ಜನ ನಕ್ಕರು. ನಗಲಿ ಬಿಡಿ, ಅವನು ನೋಡಿದ್ದು ಒಂದೇ ಗುಣವನ್ನು. ಆ ಗಾಡಿಯನ್ನು ಮುಂದಿನ ಎರಡು ಗಾಲಿಗಳು ಎಳೆಯುತ್ತವೆ. ಅವು ಕೆಸರಲ್ಲಿ ಜಾರಿದ ಕೂಡಲೇ ಹಿಂದಿನವೂ ತಾವಾಗಿಯೇ ತಿರುಗಿ ದೂಡುತ್ತವೆ.

ಇಪ್ಪತ್ತು ವರ್ಷದ ಹಿಂದೆ, ದಿನ ತುಂಬಿದ ಹೆಂಡತಿ ರಾಮಲಕ್ಷ್ಮಿಯನ್ನು ತನ್ನ ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ, ಊರ ಹೊರಗಿನ ಹಳ್ಳದ ಎರೆಮಣ್ಣಲ್ಲಿ ಆಟೋ ಹೂತುಕೊಂಡಿತ್ತು. ಸುತ್ತ ನರಪಿಳ್ಳೆ ಇಲ್ಲ. "ನೀ ಹ್ಯಾಂಡಲ್ ಹಿಡಿ, ನಾ ದೂಡ್ತೀನಿ" ಎಂದು ಆಕೆಯೇ ಇಳಿದಳು. ಅವನು ಬೇಡ ಎನ್ನಲಿಲ್ಲ. ಆಟೋ ಮೇಲೆ ಬಂತು, ಆಕೆ ಅಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವ ಮೊದಲೇ ತಾಯಿ, ಹೊಟ್ಟೆಯಲ್ಲಿದ್ದ ಮಗು ಇಬ್ಬರೂ ಹೋದರು. ಮನೆಯಲ್ಲಿ ಮೂರು ವರ್ಷದ ಲಾವಣ್ಯ ಉಳಿದಳು. ಅಂದು ಆಡದ ಆ ಒಂದು ಮಾತು ಅವನನ್ನು ಮತ್ತೆ ಬಿಡಲೇ ಇಲ್ಲ.

ಇಷ್ಟೆಲ್ಲ ಕಂಡವನು ಮಾಡಿದ ಕೆಲಸ ನೋಡಿ! ಗಾಡಿ ತಂದ ಮೇಲೆ ಎರಡು ವರ್ಷ ಹಳ್ಳದಲ್ಲಿ ಕೆಸರೇ ಆಗಲಿಲ್ಲ, ಗಾಡಿ ಮಾತ್ರ ಪೆಟ್ರೋಲ್ ಕುಡಿಯುತ್ತಲೇ ಇತ್ತು. ಹಿಂದಿನ ಗಾಲಿಗೆ ಬಲ ಒಯ್ಯುವ ಉದ್ದನೆಯ ಶಾಫ್ಟ್ ಬಿಚ್ಚಿಟ್ಟರೆ ಮೈಲೇಜ್ ಏರುತ್ತದೆ ಎಂದ ಆದೋನಿಯ ಮೆಕ್ಯಾನಿಕ್ ನಾಗಣ್ಣ. ಇವನು ತಲೆಯಾಡಿಸಿದ. ಶಾಫ್ಟ್ ಗೋಣಿಚೀಲ ಹೊದ್ದು ನಾಗಣ್ಣನ ಶೆಡ್ಡಿನ ಮೂಲೆ ಸೇರಿತು.

ಚೊಚ್ಚಲ ಹೆರಿಗೆಗೆ ಲಾವಣ್ಯ ತವರಿಗೆ ಬಂದಳು. ಹತ್ತನೇ ದಿನ ಹುಚ್ಚುಮಳೆ, ಬೆಳಗಾಗುತ್ತಲೇ ಆಕೆಗೆ ನೋವು. ಆಸ್ಪತ್ರೆಗೆ ಹೊರಟಾಗ ಹಳ್ಳದಲ್ಲಿ ಗಾಡಿ ಸರಿಯಾಗಿ ಅದೇ ಜಾಗದಲ್ಲಿ ಹೂತುಕೊಂಡಿತು. ಮುಂದಿನ ಗಾಲಿಗಳು ಸುಮ್ಮನೆ ಗರಗರ ತಿರುಗಿದವು.

"ಅಪ್ಪಾ, ನಾ ಇಳಿದು ದೂಡ್ಲೇನು?" ಹಿಂದಿನ ಸೀಟಿನಿಂದ ಮಗಳು ನರಳುತ್ತಲೇ ಕೇಳಿದಳು.

"ಬ್ಯಾಡ!" ಅವನು ಚೀರಿದ. "ಇಳೀಬ್ಯಾಡ ತಾಯಿ!"

ಆಗ ಗಾಡಿಯ ಬೆನ್ನಿಗೆ ಯಾರೋ ಭುಜ ಕೊಟ್ಟಂತಾಯಿತು. ಒಮ್ಮೆ ದೂಡಿ, ತಡೆದು, ಉಸಿರು ತೆಗೆದುಕೊಂಡು, ಇನ್ನೊಮ್ಮೆ. ಕನ್ನಡಿಯಲ್ಲಿ ಬರೀ ಹಳ್ಳ, ಬಿಳಿಚಿದ ಬೆಳಕು. ಗಾಡಿ ದಡ ಹತ್ತಿತು.

"ಹಿಂದ ಯಾರದಾರಪ್ಪಾ? ಹೆಣ್ಮಗಳು ತಿಣುಕಿದಂಗಾತು" ಎಂದಳು ಲಾವಣ್ಯ. ಅವನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಮಧ್ಯಾಹ್ನ ಆದೋನಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು, ತಾಯಿ ಮಗು ಕ್ಷೇಮ. ಓಬಳೇಶ ನೇರ ಶೆಡ್ಡಿಗೆ ಹೋಗಿ ನಡೆದದ್ದನ್ನು ಹೇಳಿದ. ನಾಗಣ್ಣ ಗಾಡಿ ಸುತ್ತಿ ಹಿಂದೆ ಬಂದವನು ಅಲ್ಲೇ ನಿಂತ. ಹಿಂಬದಿಯ ಇಡೀ ಡೋರಿಗೆ ಕೆಸರು ಮೆತ್ತಿತ್ತು. ಗಿಡ್ಡ ಹೆಂಗಸಿನ ಭುಜದೆತ್ತರಕ್ಕೆ ಒಂದು ಕಡೆ ಮಾತ್ರ ಒರೆಸಿದಷ್ಟು ಚೊಕ್ಕವಾಗಿತ್ತು.

"ಶಾಫ್ಟ್ ಇಲ್ಲೇ ಐತಿ. ಅಂಥಾ ಎರೆಯಾಗಿಂದ ಇದು ತಾನಾಗೇ ಮ್ಯಾಲೆ ಬರಂಗಿಲ್ಲ" ಎಂದ ನಾಗಣ್ಣ, ದನಿ ತಗ್ಗಿಸಿ. "ಹಿಂಗ ಬಿಡಬ್ಯಾಡ, ಮತ್ತ ಜೋಡಿಸ್ಲೇನು?"

ಓಬಳೇಶ ಆ ಚೊಕ್ಕ ಜಾಗದ ಮೇಲೆ ಅಂಗೈ ಇಟ್ಟ. ಜೋಡಿಸದಿದ್ದರೆ ಮುಂದಿನ ಮಳೆಗೂ ರಾಮಲಕ್ಷ್ಮಿ ಬಂದಾಳು. ಇಪ್ಪತ್ತು ವರ್ಷದ ಮೇಲೆ ಹುಟ್ಟಿದ ಆ ಆಸೆಯನ್ನು ನುಂಗುವುದು ಅವನಿಗೆ ಕಷ್ಟವಾಯಿತು.

"ಜೋಡಿಸಿಬಿಡು ನಾಗಣ್ಣ" ಎಂದ ಕೊನೆಗೆ. "ದಿನ ತುಂಬಿದಾಕಿ. ಎಷ್ಟು ಸಲ ಅಂತ ದೂಡ್ತಾಳ?"